ನೈರೋಬಿಗೆ ಹೊರಟವರಿಗೆ: ಮೊದಲು ಹಳದಿ ಕಾರ್ಡು

ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ಕೆಲಸ ಸಿಕ್ಕಿದೆ, ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ಬಂದರೆ ಬದುಕು ಬೆಂಗಳೂರಿಗಿಂತ ಚೆನ್ನಾಗಿರುತ್ತದಾ ಎಂದು ಕೇಳಿದ್ದೀರಿ. ಇಲ್ಲಿ ಬಂದಿಳಿದ ಹೊಸದರಲ್ಲಿ ನಾನೂ ಸಿಕ್ಕಸಿಕ್ಕವರನ್ನು ಕೇಳಿದ್ದು ಇದನ್ನೇ. ಹವೆ ಖಂಡಿತ ಮೇಲು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ನೈರೋಬಿ 1,700 ಮೀಟರ್ ಆಸುಪಾಸು. ಫ್ಯಾನ್ ಬೇಡ, ಜುಲೈಯಲ್ಲಿ ಸ್ವೆಟರ್ ಬೇಕು. ಆದರೆ ರಾತ್ರಿ ಒಂಬತ್ತಕ್ಕೆ ಮೂಲೆ ಅಂಗಡಿಗೆ ಮೊಸರು ತರಲು ನಡೆದು ಹೋಗುವ ನಮ್ಮೂರಿನ ಸುಖ ಇಲ್ಲಿಲ್ಲ. ಕತ್ತಲಾದರೆ ಗೇಟು, ಅಸ್ಕಾರಿ ಅಂದರೆ ಕಾವಲಿನವನು, ಇಲ್ಲವೇ ಟ್ಯಾಕ್ಸಿ.

ಸಂಬಳವನ್ನು ರೂಪಾಯಿಗೆ ಗುಣಿಸಿ ಹಿಗ್ಗುವ ಮೊದಲು ತೆರಿಗೆ ನೋಡಿ. ನಮ್ಮಲ್ಲಿ 2025–26ರ ಹೊಸ ಪದ್ಧತಿಯಲ್ಲಿ 30% ದರ ಶುರುವಾಗುವುದು ವರ್ಷಕ್ಕೆ 24 ಲಕ್ಷ ದಾಟಿದ ಮೇಲೆ. ಇಲ್ಲಿ ತಿಂಗಳಿಗೆ 32,333 ಶಿಲ್ಲಿಂಗ್ ದಾಟಿದ ಹಣಕ್ಕೇ 30%. ಅದರ ಮೇಲೆ ಆರೋಗ್ಯ ನಿಧಿಗೆ 2.75%, ವಸತಿ ನಿಧಿಗೆ 1.5%. ಹಾಗಾಗಿ ಮಾತುಕತೆ ಕೈಗೆ ಬರುವ ಮೊತ್ತದ ಮೇಲೇ ನಡೆಯಲಿ. ನಿಮ್ಮ ಪರ್ಮಿಟ್ಟಿನ ಮೇಲೆ ಡಿಪೆಂಡೆಂಟ್ ಪಾಸ್‌ನಲ್ಲಿ ಬರುವ ಹೆಂಡತಿ ಕೆಲಸ ಮಾಡುವಂತಿಲ್ಲ. ಆ ಸಂಬಳ ನಿಲ್ಲುವುದನ್ನೂ ಲೆಕ್ಕಕ್ಕೆ ಸೇರಿಸಿ. ಶಾಲೆಯ ಫೀಸು ಕಂಪನಿಯದೋ ನಿಮ್ಮದೋ, ಬರಹದಲ್ಲಿ ಕೇಳಿ. ಶಾಲೆಗಳ ಬಗ್ಗೆ ಇಷ್ಟು ಸಾಕು.

ಹಣ ಕೊಡುವುದು ಕಷ್ಟವಲ್ಲ. ಫೋನಿನಲ್ಲೇ ಹಣ ಕಳಿಸುವ ಎಂಪೆಸಾ 2007ರಲ್ಲೇ ಬಂದಿದೆ, ನಮ್ಮ ಯುಪಿಐಗಿಂತ ಒಂಬತ್ತು ವರ್ಷ ಮೊದಲು. ಆದರೆ ಯುಪಿಐ ಹಾಗೆ ಪುಕ್ಕಟೆಯಲ್ಲ, ಇನ್ನೊಬ್ಬರಿಗೆ ಕಳಿಸಿದರೆ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಡಿಯುತ್ತದೆ. ಕರೆಂಟಿಗೂ ಮೊದಲೇ ಟೋಕನ್ ಕೊಂಡು ಮೀಟರಿಗೆ ನಂಬರ್ ಒತ್ತಬೇಕು. ವೋಲ್ಟೇಜ್ 240, ನಿಮ್ಮ ಮಿಕ್ಸಿ ನಡೆಯುತ್ತದೆ. ಪ್ಲಗ್ ಮಾತ್ರ ಚಪ್ಪಟೆ ಮೂರು ಪಿನ್ನಿನದು.

ಮನೆ ನೋಡುವಾಗ ನೀರು ಎಲ್ಲಿಂದ ಅಂತ ಕೇಳಿ. ಬೋರ್‌ವೆಲ್ ಅಂದರೆ ಫ್ಲೋರೈಡ್ ಪರೀಕ್ಷೆಯ ವರದಿ ತೋರಿಸಲು ಹೇಳಿ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ಇಲ್ಲಿನ ಎಷ್ಟೋ ಬೋರುಗಳಲ್ಲಿ ಮೀರಿರುತ್ತದೆ. ಕೋಲಾರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಕ್ಯಾಂಡಲ್ ಫಿಲ್ಟರಿಗೂ ಜಗ್ಗುವುದಿಲ್ಲ, ಆರ್‌ಓ ಬೇಕು. ಮಗಳ ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿದು. ಒಮ್ಮೆ ಕಲೆ ಬಿದ್ದರೆ ತಾನಾಗಿ ಹೋಗುವುದಿಲ್ಲ.

ನೀವು ಕೇಳದೇ ಇದ್ದದ್ದು ಒಂದಿದೆ: ಹಳದಿ ಜ್ವರದ, ಅಂದರೆ ಸೊಳ್ಳೆಯಿಂದ ಹರಡುವ ಯೆಲ್ಲೋ ಫೀವರಿನ, ಲಸಿಕೆ. ಭಾರತದಿಂದ ನೇರ ಬರುವವರಿಗೆ ಕೀನ್ಯಾ ಅದನ್ನು ಕಡ್ಡಾಯ ಮಾಡಿಲ್ಲ, ಹಾಗಾಗಿ ಎಷ್ಟೋ ಜನ ಹಾಕಿಸಿಕೊಳ್ಳದೇ ಬಂದುಬಿಡುತ್ತಾರೆ. ಕೇಳುವುದು ವಾಪಸು ಹೋಗುವಾಗ. ನಮ್ಮ ದೇಶದ ಪಟ್ಟಿಯಲ್ಲಿ ಕೀನ್ಯಾ ಹಳದಿ ಜ್ವರವಿರುವ ದೇಶ. ಲಸಿಕೆಯ ಸರ್ಟಿಫಿಕೇಟ್, ಅಂದರೆ ಹಳದಿ ಕಾರ್ಡು, ಇಲ್ಲದೆ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿಡುತ್ತಾರೆ. ನಡುವೆ ದುಬೈಯಲ್ಲೋ ದೋಹಾದಲ್ಲೋ ವಿಮಾನ ಬದಲಿಸಿದರೂ ತಪ್ಪದು. ಸೂಜಿ ಚುಚ್ಚಿಸಿದ ಹತ್ತು ದಿನದ ನಂತರವಷ್ಟೇ ಆ ಕಾರ್ಡಿಗೆ ಬೆಲೆ. ಊರಿಂದ ನಡುರಾತ್ರಿ ಫೋನ್ ಬಂದಾಗ ಇದರ ಅರ್ಥ ಏನೆಂದು ನಿಮಗೆ ಗೊತ್ತು: ಲಸಿಕೆ ಹಾಕಿಸಿ ಕಾದರೆ ಹನ್ನೊಂದನೇ ದಿನದ ಕಾರ್ಯಕ್ಕೆ ಮುಟ್ಟಬಹುದು, ಹಾಗೇ ಹೊರಟರೆ ವಿಮಾನ ನಿಲ್ದಾಣದಲ್ಲೇ ಕೂರಬೇಕಾದೀತು. ಎರಡರಲ್ಲೂ ಮಣ್ಣು ತಪ್ಪಿಹೋಗುತ್ತದೆ. ಈ ಊರಿನಲ್ಲಿ ಹಾಗೆ ಆದವರ ಮನೆಗೆ ಹೋಗಿ ಸುಮ್ಮನೆ ಕೂತು ಎದ್ದು ಬಂದಿದ್ದೇನೆ.

ಅದಕ್ಕೇ ಬೆಂಗಳೂರು ಬಿಡುವ ಮೊದಲೇ ಹಾಕಿಸಿ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿ. ಕಾರ್ಡಿನ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಲಿ, ಇನಿಶಿಯಲ್ಲಿನ ತರಲೆ ಬೇಡ. ಇದು ಜೀವಂತ ಲಸಿಕೆ, ಅಂದರೆ ಬಲ ಕುಗ್ಗಿಸಿದ ಜೀವಂತ ವೈರಸ್ಸಿನದು: ಮಗಳಿಗೆ ಇತ್ತೀಚೆಗೆ ಅಂಥದೇ ಎಂಎಂಆರ್ (ದಡಾರ, ಮಂಗಬಾವು, ರುಬೆಲ್ಲಾ ಲಸಿಕೆ) ಹಾಕಿಸಿದ್ದರೆ ಸಾಮಾನ್ಯವಾಗಿ 28 ದಿನದ ಅಂತರ ಬಿಡುತ್ತಾರೆ. ಮೊಟ್ಟೆ ಆಗಿಬರದವರು, ಬಸುರಿಯರು ಮೊದಲೇ ವೈದ್ಯರಿಗೆ ಹೇಳಬೇಕು. ನಿಮ್ಮನ್ನು ನೋಡಲು ಬರುವ ಅಪ್ಪ ಅಮ್ಮನಿಗೂ ಇದೇ ನಿಯಮ. 60 ದಾಟಿದವರಿಗೆ ಅಡ್ಡ ಪರಿಣಾಮದ ಅಪಾಯ ಹೆಚ್ಚು, ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳಿ. 2016ರ ಜುಲೈನಿಂದ ಒಂದು ಡೋಸು ಜೀವನಪೂರ್ತಿಗೆ ಸಾಕು. ಮೂಲ ಕಾರ್ಡನ್ನು ಪಾಸ್‌ಪೋರ್ಟಿನೊಳಗೇ ಇಡಿ, ಬೀರುವಿನಲ್ಲಲ್ಲ.

ಅಡುಗೆಗೆ ಚಿಂತೆಯಿಲ್ಲ. ತೊಗರಿ ಇಲ್ಲೇ ಬೆಳೆಯುತ್ತದೆ, ಹೆಸರು ಮ್ಬಾಜಿ. ಈ ಎತ್ತರಕ್ಕೆ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ ಪಾತ್ರೆಯಲ್ಲಿಟ್ಟ ಬೇಳೆ ಬೇಗ ಬೇಯುವುದಿಲ್ಲ, ಕುಕ್ಕರ್ ತನ್ನಿ. ರಾಗಿಗೆ ವಿಂಬಿ ಅನ್ನುತ್ತಾರೆ. ಹಿಟ್ಟಿನ ಪ್ಯಾಕೆಟ್ಟಿನಲ್ಲಿ ಗಂಜಿಗೆಂದು ಜೋಳವೋ ಮರಗೆಣಸೋ ಬೆರೆತಿರಬಹುದು, ಅದರಲ್ಲಿ ಮುದ್ದೆ ಕೂಡುವುದಿಲ್ಲ. ಕಾಳು ಕೊಂಡು ಪೋಶೋ ಗಿರಣಿಯಲ್ಲಿ ಬೀಸಿಸಿ. ಮುದ್ದೆ ಕೋಲು ಮಾತ್ರ ಊರಿಂದ ತನ್ನಿ, ಸಾಧ್ಯವಾದರೆ ಎರಡು.