ಓದುಗರ ಪ್ರಶ್ನೆ: ಹೊರದೇಶದ ವೈದ್ಯೆಯ ದಿನಚರಿ

ಪ್ರಶ್ನೆ: ನಮ್ಮ ಭಾಗದ ಹಳ್ಳಿ ಆಸ್ಪತ್ರೆಗೆ ಜರ್ಮನಿಯಿಂದ ಬರುತ್ತಿರುವ ವೈದ್ಯೆಯೊಬ್ಬರು ನಮ್ಮ ಮನೆಯಲ್ಲೇ ತಂಗಲಿದ್ದಾರೆ. ಅವರ ದಿನ ಹೇಗಿರುತ್ತದೆ, ನಾವು ಹೇಗೆ ನೆರವಾಗಬಹುದು?
– ಓದುಗರು, ಮಳವಳ್ಳಿ

ಉತ್ತರ: ನೀವು ಅವರಿಗೆ ಮನೆಯಲ್ಲಿ ಜಾಗ ಕೊಟ್ಟಿರುವುದು ನಿಜಕ್ಕೂ ಸಂತೋಷದ ಸಂಗತಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮತಿಯ ವಿಷಯವನ್ನು ಆಸ್ಪತ್ರೆಯವರು ನೋಡಿಕೊಳ್ಳಬೇಕು. ಬೆಳಗ್ಗೆ ವಾರ್ಡಿನ ಸುತ್ತು, ಆಮೇಲೆ ಹೊರರೋಗಿಗಳ ಸಾಲು, ಇವೆಲ್ಲ ಅವರಿಗೆ ಪರಿಚಿತವೇ. ಹೊಸತೆಂದರೆ ಹಾವಿನ ಕಡಿತ. ಗದ್ದೆಯಲ್ಲೋ ಕಬ್ಬಿನ ತೋಟದಲ್ಲೋ ಕೊಳಕುಮಂಡಲ ಕಚ್ಚಿದವರು ಬಂದಾಗ, ಸುಮಾರು 2 ಮಿ.ಲೀ. ರಕ್ತವನ್ನು ಒಣಗಿದ, ಶುಭ್ರವಾದ ಗಾಜಿನ ಕೊಳವೆಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಬಳಿಕ ಓರೆ ಮಾಡಿ ನೋಡುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷವೇರಿದೆ ಎಂದು ತಿಳಿದು ಪ್ರತಿವಿಷ ಆರಂಭಿಸುತ್ತಾರೆ. ಆ ಇಪ್ಪತ್ತು ನಿಮಿಷ ರೋಗಿಯ ಮನೆಯವರಿಗೆ ಧೈರ್ಯ ಹೇಳಲು ಭಾಷೆ ಬೇಕು. ಆದ್ದರಿಂದ ಸಂಜೆ ಕಾಫಿಯ ಹೊತ್ತಿಗೆ ಪುಸ್ತಕದ ಕನ್ನಡಕ್ಕಿಂತ, ‘ಹೊಟ್ಟೆ ತೊಳಸ್ತದೆ’, ‘ಎದೆ ಹಿಡ್ಕಂಡಂಗಾಯ್ತದೆ’ ಎಂಬ ನಮ್ಮ ಕಡೆಯ ಮಾತುಗಳನ್ನೇ ದಯವಿಟ್ಟು ಕಲಿಸಿ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚುವುದರಿಂದ, ಅವರಿಗೆ ಮಂಚ, ಸೊಳ್ಳೆಪರದೆ ಮತ್ತು ಒಂದು ಟಾರ್ಚ್ ತಪ್ಪದೆ ಒದಗಿಸಿ.