ಹಿಡಿದ ಕೂಡಲೇ ತೆಗೆದ ರಕ್ತದಲ್ಲಿ ಸಿಕೆ ಕಡಿಮೆಯಿದ್ದರೆ ಜಿಂಕೆಯನ್ನು ಸಾಗಿಸಬಹುದೇ?

ಬಲೆಗೆ ಬಿದ್ದ ಚುಕ್ಕೆ ಜಿಂಕೆಯ ಸಿಕೆ, ಅಂದರೆ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ, ಹೆಚ್ಚಿಲ್ಲವಾದ್ದರಿಂದ ನಾಳೆಯೇ ಲಾರಿ ಹತ್ತಿಸಬಹುದೇ ಎಂದು ಕೇಳಿದ್ದೀರಿ. ಇಂಥದ್ದೇ ವರದಿಯನ್ನು ನಂಬಿ ನಾನು ಒಂದು ಜಿಂಕೆಯನ್ನು ಕಳೆದುಕೊಂಡಿದ್ದೇನೆ.

ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಮೃಗಾಲಯದಿಂದ ಜಿಂಕೆಗಳನ್ನು ಬೇರೆಡೆಗೆ ಸಾಗಿಸಬೇಕಿತ್ತು. ಪ್ರಾಯದ ಗಂಡೊಂದು ಬಲೆಗೆ ಸಿಗುವ ಮುನ್ನ ಬೇಲಿಯುದ್ದಕ್ಕೂ ಬಹಳ ಹೊತ್ತು ಓಡಿತ್ತು. ಕಣ್ಣಿಗೆ ಬಟ್ಟೆ ಕಟ್ಟಿ, ಕೂಡಲೇ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದೆ. ಸಿಕೆ, ಮತ್ತು ಅದರಂತೆಯೇ ಸ್ನಾಯುವಿನ ಹಾನಿ ತೋರಿಸುವ ಕಿಣ್ವ ಎಎಸ್‌ಟಿ, ಎರಡೂ ಉಳಿದ ಜಿಂಕೆಗಳಷ್ಟೇ ಇದ್ದವು. ಸಾಗಣೆಗೆ ಸಹಿ ಹಾಕಿದೆ. ಮೂರನೆಯ ದಿನ ಅದು ಹಿಂಗಾಲು ಎಳೆಯತೊಡಗಿತು, ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಯಿತು. ನಾಲ್ಕನೆಯ ದಿನ ಸತ್ತಿತು. ಶವಪರೀಕ್ಷೆಯಲ್ಲಿ ತೊಡೆಯ ಸ್ನಾಯು ಬೇಯಿಸಿದ ಮಾಂಸದಂತೆ ಬಿಳಚಿಕೊಂಡಿತ್ತು.

ನನ್ನ ತಪ್ಪು ರಕ್ತ ತೆಗೆದ ಹೊತ್ತಿನದು. ಸಿಕೆ ಇರುವುದು ಸ್ನಾಯುಕೋಶದ ಒಳಗೆ. ಕೋಶದ ಪೊರೆ ಹರಿದು, ಕಿಣ್ವವು ಹೊರಗೆ ಜಿನುಗಿ, ರಕ್ತದಲ್ಲಿ ಎದ್ದುಕಾಣುವಷ್ಟು ಸೇರಲು ಗಂಟೆಗಳೇ ಬೇಕು. ಎಎಸ್‌ಟಿ ಇನ್ನೂ ನಿಧಾನವಾಗಿ ಏರಿ, ಸಿಕೆ ಇಳಿದ ಮೇಲೂ ದಿನಗಟ್ಟಲೆ ಉಳಿಯುತ್ತದೆ. ಹಾಗಾಗಿ ಹಿಡಿದ ಹದಿನೈದು ನಿಮಿಷದಲ್ಲಿ ನಾನು ಅಳೆದದ್ದು ಓಟಕ್ಕೆ ಮುಂಚಿನ ಸ್ನಾಯುವನ್ನು. ಓಟದಿಂದಾದ ಹಾನಿ ಆ ಕೊಳವೆಗೆ ಇನ್ನೂ ಬಂದೇ ಇರಲಿಲ್ಲ. ಪ್ರಯೋಗಾಲಯದ ಅಂಕಿ ಸರಿಯಾಗಿಯೇ ಇತ್ತು, ನಾನು ಅದಕ್ಕೆ ಕೊಟ್ಟ ಅರ್ಥ ತಪ್ಪಾಗಿತ್ತು. (ಎಲ್‌ಡಿಎಚ್ ಎಂಬ ಇನ್ನೊಂದು ಕಿಣ್ವವನ್ನಂತೂ ಒಂದನ್ನೇ ನೆಚ್ಚಬೇಡಿ, ಅದು ಕೆಂಪು ರಕ್ತಕಣಗಳಲ್ಲೂ ಇರುವುದರಿಂದ, ಬಿಸಿಲಿನ ಜೀಪಿನಲ್ಲಿ ಮಾದರಿ ಕೆಟ್ಟರೂ ಏರುತ್ತದೆ.)

ಹಾಗಾದರೆ ನಾಳೆ ಮತ್ತೆ ಹಿಡಿದು ಪರೀಕ್ಷಿಸೋಣ ಎಂದು ದಯವಿಟ್ಟು ಹೊರಡಬೇಡಿ. ಎರಡನೆಯ ಬೆನ್ನಟ್ಟುವಿಕೆಯೇ ಅದನ್ನು ಕೊಲ್ಲಬಹುದು. ನನ್ನ ದೃಷ್ಟಿಯಲ್ಲಿ ಈ ಕಿಣ್ವಗಳು ಸಾಗಣೆಯ ಪರವಾನಗಿಯೇ ಅಲ್ಲ. ನಾವು ಹಿಡಿಯುವ ವಿಧಾನ ಎಷ್ಟು ಕ್ರೂರವಾಗಿದೆ ಎಂದು ತಿಳಿಯಲು ಅವು ಬೇಕು. ಒಂದೇ ಜಿಂಕೆಯ ವಿಷಯದಲ್ಲಿ ಅದು ಎಷ್ಟು ಹೊತ್ತು ಓಡಿತು, ಹಿಡಿದಾಗ ಮೈಯ ಉಷ್ಣತೆ 41 ಡಿಗ್ರಿ ಸೆಲ್ಸಿಯಸ್ ದಾಟಿತ್ತೇ ಎಂಬುದು ನನಗೆ ಹೆಚ್ಚು ಮುಖ್ಯ. ಮುಂದಿನ ಬಾರಿ ಬಲೆ ಬಿಟ್ಟು, ಬೋಮಾ ಎಂಬ, ಪ್ರಾಣಿಗಳನ್ನು ಒಳಬರಿಸಿಕೊಳ್ಳಲು ಬೇಲಿ ಕಟ್ಟಿದ ಆವರಣದೊಳಗೆ ದಿನವೂ ಮೇವಿಟ್ಟು, ಅವು ತಾವಾಗಿಯೇ ನಡೆದು ಬರುವವರೆಗೆ ಕಾಯಿರಿ.

ಈಗ ಸಾಗಣೆಯನ್ನು ಮುಂದೂಡಿ, ನೆರಳು ಮತ್ತು ನೀರು ಒದಗಿಸಿ, ಜನರನ್ನು ದೂರವಿಡಿ. ಸಂಜೆ ದುರ್ಬೀನಿನಲ್ಲಿ ಹಿಂಗಾಲುಗಳನ್ನೂ ಮೂತ್ರದ ಬಣ್ಣವನ್ನೂ ನೋಡಿ ಇಲ್ಲಿ ಬರೆಯಿರಿ.