ಸ್ಕಾಟ್ ಗೆದ್ದ ಕೋರ್ಟು

ಓದುಗರ ಪತ್ರ: ಮಗಳ ಮನೆಗೆಂದು ಅಮೆರಿಕದ ಸೇಂಟ್ ಲೂಯಿಸ್‌ಗೆ ಬಂದಿದ್ದೇನೆ. ದೊಡ್ಡ ಕಮಾನಿನ ಎದುರಿಗಿರುವ ಹಳೇ ಕೋರ್ಟನ್ನೂ ನೋಡಿದೆ. ‘ಡ್ರೆಡ್ ಸ್ಕಾಟ್ ಎಂಬ ಗುಲಾಮ ಕೇಸು ಸೋತದ್ದು ಇಲ್ಲೇ’ ಎಂದು ಹೋದ ತಿಂಗಳು ನೀವು ಬರೆದಿದ್ದಿರಿ. ಇಲ್ಲಿ ಬೇರೆ ಕತೆ ಹೇಳುತ್ತಾರೆ. ಯಾವುದು ಸರಿ? ವಿಚಾರಣೆ ನಡೆದ ಕೋಣೆ ಎಷ್ಟು ಹುಡುಕಿದರೂ ಸಿಗಲಿಲ್ಲ.

ಸಂಪಾದಕರ ಉತ್ತರ: ತಪ್ಪು ನಮ್ಮದೇ. ಹನ್ನೊಂದು ವರ್ಷದ ಕೇಸನ್ನು ಒಂದೇ ಸಾಲಿನಲ್ಲಿ ಮುಗಿಸಲು ಹೋಗಿ ಎಡವಿದೆವು.

ಡ್ರೆಡ್ ಸ್ಕಾಟ್ ಮತ್ತು ಅವರ ಹೆಂಡತಿ ಹ್ಯಾರಿಯೆಟ್ ಈ ಕೋರ್ಟಿನ ಮೆಟ್ಟಿಲು ಹತ್ತಿದ್ದು 1846ರ ಏಪ್ರಿಲ್‌ನಲ್ಲಿ. ಸ್ಕಾಟ್‌ರ ಯಜಮಾನ ಸೇನೆಯ ಡಾಕ್ಟರ್. ಆತನ ಜೊತೆ ಅವರು ಗುಲಾಮಗಿರಿ ಇಲ್ಲದ ಇಲಿನಾಯ್‌ನಲ್ಲೂ ವಿಸ್ಕಾನ್ಸಿನ್ ಪ್ರಾಂತ್ಯದಲ್ಲೂ ಇದ್ದು ಬಂದಿದ್ದರು. ಅಂಥ ಕಡೆ ವಾಸ ಮಾಡಿದವರು ಮತ್ತೆ ಗುಲಾಮರಲ್ಲ ಎಂದು ಸೇಂಟ್ ಲೂಯಿಸ್ ಇರುವ ಮಿಸೌರಿ ರಾಜ್ಯದ ಕೋರ್ಟುಗಳೇ ಎಷ್ಟೋ ಸಲ ತೀರ್ಪು ಕೊಟ್ಟಿದ್ದವು. ಇಲಿನಾಯ್ ಎಲ್ಲೋ ದೂರ ಅಂದುಕೊಳ್ಳಬೇಡಿ. ನೀವು ನೋಡಿದ ಮಿಸಿಸಿಪ್ಪಿಯ ಆಚೆ ದಡವೇ ಇಲಿನಾಯ್. ಆ ದಡದಲ್ಲಿ ಮನುಷ್ಯರನ್ನು ಮಾರುವಂತಿರಲಿಲ್ಲ, ಈ ದಡದಲ್ಲಿ ಮಾರಬಹುದಿತ್ತು. ಅದೂ ಎಲ್ಲಿ? ಇದೇ ಕೋರ್ಟಿನ ಮೆಟ್ಟಿಲ ಮೇಲೆ. ಮಾಲೀಕ ಸತ್ತಾಗ ಆಸ್ತಿಯ ಹರಾಜು ಅಲ್ಲಿ ನಡೆಯುತ್ತಿತ್ತು. ಆ ಆಸ್ತಿಯ ಲೆಕ್ಕದಲ್ಲಿ ಗುಲಾಮರೂ ಸೇರಿರುತ್ತಿದ್ದರು.

1847ರ ಮೊದಲ ವಿಚಾರಣೆಯಲ್ಲಿ ಸ್ಕಾಟ್ ಸೋತದ್ದು ನಿಜ. ಆದರೆ ಕಾರಣ ಕೇಳಿ. ಡಾಕ್ಟರ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಆತನ ವಿಧವೆಯಿಂದ ಸ್ಕಾಟ್ ದಂಪತಿಯನ್ನು ಬಾಡಿಗೆಗೆ ಪಡೆದೆ ಎಂದು ಹೇಳಬೇಕಿದ್ದ ಸಾಕ್ಷಿ ಪಾಟೀಸವಾಲಿನಲ್ಲಿ ತಡವರಿಸಿದ. ಮಾತಾಡಿ ಗೊತ್ತು ಮಾಡಿದ್ದು ತನ್ನ ಹೆಂಡತಿ, ತಾನು ಬರೀ ದುಡ್ಡು ಕೊಟ್ಟವನು ಎಂದ. ಕೇಳಿದ ಮಾತು ಸಾಕ್ಷಿಯಾಗುವುದಿಲ್ಲವಲ್ಲ! ಹೀಗೆ, ಆಕೆ ತಮ್ಮನ್ನು ಗುಲಾಮರಾಗಿ ಇಟ್ಟುಕೊಂಡಿದ್ದಾಳೆ ಎಂದು ಸಾಬೀತು ಮಾಡಲಾಗದೆ ಅವರು ಗುಲಾಮರಾಗಿಯೇ ಉಳಿದರು. ನಗಬೇಕೋ ಅಳಬೇಕೋ.

ಮರುವಿಚಾರಣೆಗೆ ಅನುಮತಿಯೇನೋ ಸಿಕ್ಕಿತು. ಅಷ್ಟರಲ್ಲಿ 1849 ಬಂತು. ಊರಿಗೆ ಕಾಲರಾ ಬಡಿಯಿತು. ಸಾಲದ್ದಕ್ಕೆ ಮೇ ತಿಂಗಳಲ್ಲಿ ನದಿಯಲ್ಲಿ ನಿಂತಿದ್ದ ‘ವೈಟ್ ಕ್ಲೌಡ್’ ಎಂಬ ಸ್ಟೀಮರಿಗೆ ಬೆಂಕಿ ಬಿದ್ದು, ಪಕ್ಕದ ಸ್ಟೀಮರುಗಳಿಗೂ ದಡದ ಬೀದಿಗಳಿಗೂ ಹಬ್ಬಿತು. ಕೇಸು ಮುಂದಕ್ಕೆ ಹೋಯಿತು. ಕೊನೆಗೆ 1850ರ ಜನವರಿಯಲ್ಲಿ, ಇದೇ ಕಟ್ಟಡದಲ್ಲಿ, ಹನ್ನೆರಡು ಬಿಳಿಯರ ಜ್ಯೂರಿ ಸ್ಕಾಟ್ ಸ್ವತಂತ್ರರು ಎಂದಿತು.

ಆ ತೀರ್ಪನ್ನು ಕಿತ್ತುಹಾಕಿದ್ದು ಮೇಲಿನವರು: 1852ರಲ್ಲಿ ಮಿಸೌರಿಯ ಸುಪ್ರೀಂ ಕೋರ್ಟು. ಕಪ್ಪು ಜನ ಅಮೆರಿಕದ ಪ್ರಜೆಗಳೇ ಅಲ್ಲ ಎಂಬ ಕುಖ್ಯಾತ ಮಾತು 1857ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿರುವ ಅಮೆರಿಕದ ಸುಪ್ರೀಂ ಕೋರ್ಟಿನಿಂದ ಬಂತು, ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿಯಿಂದ. ನಾವು ಅದನ್ನು ತಂದು ಸೇಂಟ್ ಲೂಯಿಸ್‌ನ ತಲೆಗೆ ಕಟ್ಟಿದೆವು. ಎರಡು ತಿಂಗಳ ನಂತರ, ಮೇ 26ರಂದು, ಟೇಲರ್ ಬ್ಲೋ ಸ್ಕಾಟ್ ಕುಟುಂಬದ ಬಿಡುಗಡೆ ಪತ್ರ ಸಲ್ಲಿಸಿದ್ದು ಮತ್ತೆ ಇದೇ ಕೋರ್ಟಿನಲ್ಲಿ. ಸ್ಕಾಟ್‌ರ ಮೊದಲ ಯಜಮಾನನ ಮಗ ಈತ. ಆ ಮನೆಯವರೇ ಕೇಸಿಗೆ ದುಡ್ಡು ಕೊಟ್ಟು ನಿಂತಿದ್ದರು. ಸ್ಕಾಟ್ ಆಮೇಲೆ ಹೋಟೆಲೊಂದರಲ್ಲಿ ಕೂಲಿಯಾಗಿದ್ದರು. ಒಂದೂವರೆ ವರ್ಷವೂ ಕಳೆಯಲಿಲ್ಲ, ಕ್ಷಯದಿಂದ ತೀರಿಕೊಂಡರು.

ಇನ್ನು ಕಟ್ಟಡ. ನೀವು ಕಂಡ ಕಬ್ಬಿಣದ ಗುಮ್ಮಟ ಸ್ಕಾಟ್ ನೋಡಿದ್ದಲ್ಲ, ಅದು ಮುಗಿದದ್ದು 1860ರ ದಶಕದಲ್ಲಿ. 1870ರ ದಶಕದಲ್ಲಿ ಮತದಾನದ ಹಕ್ಕು ಕೇಳಿ ವರ್ಜೀನಿಯಾ ಮೈನರ್ ಎಂಬ ಮಹಿಳೆಯೂ ಇಲ್ಲಿಗೇ ಬಂದರು. ಅವರು ಮಾತ್ರ ಇಲ್ಲೂ ಸೋತರು, ಮೇಲೂ ಸೋತರು. ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮತ್ತು ನಗರ ಬೇರೆಯಾದ ಮೇಲೆ ಕಟ್ಟಡ ನಗರದ ಪಾಲಾಯಿತು. 1930ರಲ್ಲಿ ಕೋರ್ಟು ಬೇರೆಡೆಗೆ ಹೋದಾಗ, ಜಾಗ ದಾನ ಕೊಟ್ಟವರ ವಂಶದವರು ‘ಕೋರ್ಟಿಗೆ ಅಂತ ಕೊಟ್ಟದ್ದು, ವಾಪಸು ಕೊಡಿ’ ಎಂದು ಕೇಸು ಹಾಕಿ ಸೋತರು. ಈಗ ಅದು ರಾಷ್ಟ್ರೀಯ ಉದ್ಯಾನದ ಭಾಗ.

ನಿಮಗೆ ಸಿಗದ ಆ ಕೋಣೆ ಪಶ್ಚಿಮ ಭಾಗದ ಕೆಳ ಅಂತಸ್ತಿನಲ್ಲಿತ್ತು. ಕೇಸು ಇನ್ನೂ ನಡೆಯುತ್ತಿದ್ದಾಗಲೇ, 1850ರ ದಶಕದಲ್ಲಿ, ಅದನ್ನು ಒಡೆದು ನಡುವೆ ಹಾದಿ ಮಾಡಿದರು. ಹುಡುಕುತ್ತ ನೀವು ಆ ಹಾದಿಯಲ್ಲೇ ಎರಡು ಸಲ ಓಡಾಡಿರಬಹುದು.